ಪರದೆಯ ಮೇಲಿನ ಅತಿಥಿಗಳಿಗೆ ಹೂಂ ಅನ್ನಬೇಡಿ

ಅಪ್ಪಾ,

ಅಪಿಯಾ ಪಟ್ಟಣಕ್ಕೆ ಹೊರಟೆ, ಫೆರ್ರಿಗೆ ಹೊತ್ತಾಯಿತು. ಕೆಸುವಿನ ಗಡ್ಡೆ ಬೇಯಿಸಿದ್ದೇನೆ.

ಕಂಪ್ಯೂಟರಿನೊಳಗೆ ಹತ್ತೊಂಬತ್ತು ಕಳ್ಳ ಪ್ರೋಗ್ರಾಮುಗಳು ಸೇರಿಕೊಂಡಿದ್ದವು. ಎಲ್ಲವನ್ನೂ ತೆಗೆದೆ. ಸಮೋವಾದ ಮೀನುಗಳ ಬಗ್ಗೆ ನೀವು ಬರೆಯುತ್ತಿರುವ ಪುಸ್ತಕಕ್ಕೆ ಏನೂ ಆಗಿಲ್ಲ. ಒಂದು ನಕಲನ್ನು ಪೆನ್ ಡ್ರೈವಿನಲ್ಲಿ ಹಾಕಿ ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಪರದೆಯ ಮೇಲೆ ಬಹುಮಾನ ಬಂದಿದೆ, ವೈರಸ್ ಬಂದಿದೆ ಎಂದು ಏನಾದರೂ ಕಾಣಿಸಿದರೆ ಏನನ್ನೂ ಒತ್ತದೆ ನನಗೆ ಫೋನ್ ಮಾಡಿ. ಯಾಕೆ ಹೂಂ ಒತ್ತಿದಿರಿ ಎಂದರೆ "ಪಾಪ, ಅಷ್ಟು ಸಲ ಕೇಳ್ತಾನೆ, ಬೇಡ ಅಂದ್ರೆ ಏನಂದ್ಕೋತಾನೋ" ಎಂದಿರಿ ನಿನ್ನೆ. ದಾರಿಯಲ್ಲಿ ಹೋಗುವವರನ್ನೆಲ್ಲ ಊಟಕ್ಕೆ ಕರೆಯುವುದು ನಮ್ಮ ಮರ್ಯಾದೆ, ಸರಿ. ಇವರು ಉಣ್ಣಲು ಬಂದವರಲ್ಲ, ಕದಿಯಲು ಬಂದವರು.

ಆಮೇಲೆ "ಇನ್ನು ಇದನ್ನ ಮುಟ್ಟೋದೇ ಇಲ್ಲ" ಎಂದಿರಲ್ಲ, ಅದೊಂದು ಬೇಡ. ನಮ್ಮ ಮೀನುಗಳ ಹೆಸರುಗಳೆಲ್ಲ ಗೊತ್ತಿರುವವರು ಈಗ ನೀವೊಬ್ಬರೇ. ಇವತ್ತು ಹಾರುವ ಮೀನಿನ ಪುಟ ಶುರು ಮಾಡಿ, ಸಂಜೆ ಬಂದು ಓದುತ್ತೇನೆ.

ಮಸೀನಾ