ಹೆಣ್ಣಿನ ಪೆಟ್ಟಿಗೆಯಲ್ಲಿ ಹುಂಜಗಳು

ಹ್ಯಾಚರಿಯ ಕ್ವಾರ್ಟರ್ಸ್,
ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಅತ್ತೆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೇ? ಫೋನ್ ಮಾಡಿದರೆ "ಎಲ್ಲಾ ಚೆನ್ನಾಗಿದೆ" ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ.

ನನಗಂತೂ ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ಒಂದು ದಿನದ ಕೋಳಿಮರಿಯ ರೆಕ್ಕೆ ಬಿಡಿಸಿ, ಗಂಡೋ ಹೆಣ್ಣೋ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಾ ಮೂವತ್ತು ವರ್ಷ ಕಳೆದವರು ನೀವು. ಹೆಣ್ಣೆಂದು ಕಳಿಸಿದ ಪೆಟ್ಟಿಗೆಗಳ ಮರಿಗಳಲ್ಲಿ ಹಲವು ಬೆಳೆದು ಹುಂಜಗಳಾಗಿ ಕೂಗಿದ್ದೇ ತಡ, ಮ್ಯಾನೇಜರ್ "ವಯಸ್ಸಾಯ್ತು, ಕಣ್ಣು ಮಂಜಾಗಿದೆ" ಅಂದುಬಿಟ್ಟರು. ನೀವೋ, ಏಪ್ರನ್ ಬಿಚ್ಚಿಟ್ಟು ಹೊರಟೇಬಿಟ್ಟಿರಿ. ಒಂದು ಮಾತು ಆಡಬಾರದಿತ್ತೇ?

ಶೆಡ್ಡಿನ ಕೆಲಸದ ನಡುವೆಯೂ ನಾನು ಮಾತ್ರ ಮ್ಯಾನೇಜರ್ ಬೆನ್ನು ಬಿಟ್ಟಿಲ್ಲ. ಗರಿ ಬೇಗ ಬೆಳೆಯುವುದೋ ನಿಧಾನವೋ ಎಂಬುದು ಒಂದು ವಂಶವಾಹಿಯ ಕೆಲಸ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಹೆಣ್ಣುಮರಿಗೆ ಅದು ಅಪ್ಪನಿಂದ ಮಾತ್ರ ಬರುತ್ತದೆ, ಗಂಡುಮರಿಗೆ ಇಬ್ಬರಿಂದಲೂ. ನಮ್ಮ ಹುಂಜಗಳದು ಬೇಗ ಗರಿ ಬರುವ ತಳಿ, ಹೇಂಟೆಗಳದು ನಿಧಾನದ ತಳಿ. ಎರಡೂ ಕೂಡಿದರೆ ನಿಧಾನದ್ದೇ ಮೇಲುಗೈ. ಹಾಗಾಗಿ ಹೆಣ್ಣಿಗೆ ಉದ್ದ ಗರಿ, ಗಂಡಿಗೆ ಗಿಡ್ಡ. ಆದರೆ ಹೇಂಟೆಗಳ ನಡುವೆ ಬೇಗ ಗರಿ ಬರುವವೂ ಸೇರಿಕೊಂಡರೆ, ಅವುಗಳ ಗಂಡುಮರಿಗಳಿಗೂ ಉದ್ದ ಗರಿಯೇ! ಆಗ ದೇವರೇ ಬಂದು ನೋಡಿದರೂ ಹೆಣ್ಣೆಂದೇ ಅನ್ನಬೇಕು. ಆ ಪುಣ್ಯಾತ್ಮರು ಚೀಟಿಯ ಮೇಲೆ ಚಹಾ ಲೋಟ ಇಟ್ಟು, "ಬೆರೆಸಿದ್ಯಾರು, ಹೇಳು ನೋಡೋಣ" ಎಂದರು. ಮೈಯೆಲ್ಲ ಉರಿದುಹೋಯಿತು. ಲೋಟ ಸರಿಸಿ ಚೀಟಿ ಎತ್ತಿಕೊಂಡು ಎದ್ದು ಬಂದೆ.

ಈಗ ಹೊಸಬನೊಬ್ಬ ನಿಮ್ಮ ಮೇಜಿನಲ್ಲಿ ಕೂತು, ನೀವು ನೋಡಿದ್ದನ್ನೇ ನೋಡಿ, ನೀವು ಹೇಳಿದ್ದನ್ನೇ ಹೇಳುತ್ತಿದ್ದಾನೆ. ಅವನ ಕಣ್ಣು ಮಾತ್ರ ಚುರುಕಂತೆ!

ಅತ್ತೆಗೆ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಶೆಡ್ ತೊಳೆದ ದಿನ ತಳಿಯ ಗುರುತಿಗೆ ಹಾಕಿದ ಕಾಲಿನ ರಿಂಗಿನ ಬಣ್ಣ ನೋಡದೆ ಎರಡು ತಳಿಯ ಹೇಂಟೆಗಳನ್ನು ಬೆರೆಸಿದವಳು ನಾನೇ. ನೀವು ಹೊರಡುವ ಮುಂಚೆ ಆ ರಿಂಗುಗಳನ್ನು ನೋಡಿ, ಮೇವು ಹಾಕುವವನಿಗೆ "ಮಗಳ ಕೆಲಸ ಹೋಗತ್ತೆ, ಬಾಯಿ ಬಿಡಬೇಡ" ಎಂದಿರಂತೆ. ಅವನೇ ನಿನ್ನೆ ಹೇಳಿದ. ಇವತ್ತು ಎಲ್ಲವನ್ನೂ ಬರೆದು ಸಹಿ ಹಾಕಿ ಮ್ಯಾನೇಜರ್ ಕೈಗೆ ಕೊಟ್ಟೆ. ಸೋಮವಾರದಿಂದ ನಿಮ್ಮ ಕೆಲಸ ನಿಮಗೆ, ನನಗೆ ಕಾಯಂ ರಜೆ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.