ದಪ್ಪ ಅಕ್ಷರದ ಕಾಗದ

ಅಕ್ಕಾ,

ನೀನೇ ಓದಿಕೊಳ್ಳಲೆಂದು ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಭಾವನ ಕೈಗೆ ಕೊಟ್ಟು ಓದಿಸಬೇಡ.

ಸೋಮವಾರದಿಂದ ಮತ್ತೆ ಬಟ್ಟೆ ಅಂಗಡಿಯ ಕೆಲಸಕ್ಕೆ ಅರ್ಧ ದಿನ ಹೋಗುತ್ತಿದ್ದೇನೆ. ಕಪ್ಪು ಕನ್ನಡಕ ಹಾಕಿಕೊಂಡೇ ಬಟ್ಟೆ ಅಳೆಯುತ್ತೇನೆ. "ಆಪರೇಷನ್ ಆದ ಕಣ್ಣು, ಜಾಸ್ತಿ ಬಗ್ಗಬೇಡಮ್ಮ" ಎಂದು ಮಾಲೀಕರು ಹೇಳಿದಾಗಲೆಲ್ಲ ಭೂಮಿಗೆ ಇಳಿದುಹೋಗುವಂತಾಗುತ್ತದೆ.

ನನ್ನ ಕಣ್ಣಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕಣ್ಣ ಕೆಳಗೆ ಜೋತುಬಿದ್ದಿದ್ದ ಚೀಲಗಳನ್ನು ತೆಗೆಸಿಕೊಂಡೆ, ಅಷ್ಟೇ. ಗಿರಾಕಿಗಳ ಹೆಗಲಿಗೆ ಬಟ್ಟೆ ಹಿಡಿದು ಕನ್ನಡಿ ತೋರಿಸುವಾಗ ಅವರ ಪಕ್ಕದಲ್ಲಿ ನನ್ನ ಮುಖವೂ ಕಾಣುತ್ತಿತ್ತು. ಹೇಳಿದರೆ ನಗುತ್ತೀಯೆಂದು ಸುಳ್ಳು ಹೇಳಿದೆ. ಬಾಯಿಗೆ ಬಂದದ್ದು ನಿನ್ನ ಕಾಯಿಲೆಯೇ. ನನಗೂ ಪೊರೆ ಬಂದಿದೆ ಎಂದುಬಿಟ್ಟೆ.

ನೀನು ನಿನ್ನ ಆಪರೇಷನ್ ಮುಂದಕ್ಕೆ ಹಾಕಿ, "ಮೊದ್ಲು ನಿಂದಾಗ್ಲಿ, ನಂದೇನು ಓಡಿಹೋಗುತ್ತಾ" ಎಂದು ಬಂದೆ. ಹತ್ತು ದಿನ ತಡವರಿಸುತ್ತಲೇ ನನ್ನ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಎಷ್ಟೋ ಹನಿ ಕೆನ್ನೆಗೇ ಬಿದ್ದವು. ರೆಪ್ಪೆಯ ಕೆಳಗಿನ ಹೊಲಿಗೆ ನಿನಗೆ ಕಾಣಿಸಲಿಲ್ಲ. ಕಾಣಿಸದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆನಲ್ಲ, ಅದು ನನ್ನನ್ನು ಈಗಲೂ ಕೊರೆಯುತ್ತಿದೆ.

ಆಸ್ಪತ್ರೆಗೆ ಫೋನ್ ಮಾಡಿ ಬರುವ ಗುರುವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಬೇಡ ಅನ್ನಬೇಡ. ಮಧ್ಯಾಹ್ನದ ಮೇಲೆ ನನಗೆ ಬಿಡುವಿರುತ್ತದೆ, ಡ್ರಾಪ್ಸ್ ನಾನೇ ಬಂದು ಹಾಕುತ್ತೇನೆ. ನಿನ್ನ ಹಳೆಯ ಚೀಟಿಗಳನ್ನೆಲ್ಲ ಒಂದು ಕಡೆ ತೆಗೆದಿಡು.

ಪಟ್ಟಿ ಬಿಚ್ಚಿದಾಗ ನಾನು ಎದುರಿಗೇ ಕೂತಿರುತ್ತೇನೆ. ನೋಡಿದ ಕೂಡಲೇ ನಿನಗೆ ಎಲ್ಲ ತಿಳಿದುಬಿಡುತ್ತದೆ, ಅದಕ್ಕೇ ಮೊದಲೇ ಬರೆದೆ. ಬೈಯುವುದನ್ನು ಆ ದಿನಕ್ಕೆ ಇಟ್ಟುಕೋ. ನನ್ನ ಮುಖ ಚೆನ್ನಾಗಿ ನೋಡಿಕೊಂಡೇ ಬೈ.

ನಿನ್ನ ತಂಗಿ