ಸೊನ್ನೆಯಲ್ಲಿಟ್ಟ ವಾಲ್ಯೂಮ್

ಮನೆ, ಹಿಂದಿನ ಕೋಣೆ
ಮಂಗಳವಾರ ರಾತ್ರಿ. ಅಲ್ಲ, ಬುಧವಾರ ಆಗಲೇ ಶುರುವಾಗಿದೆ

ಪ್ರೀತಿಯ ಅಣ್ಣಾ,

ಎರಡೂವರೆಗೆ ಎಚ್ಚರವಾಯಿತು. ಸ್ಸ್ಸ್ ಅಂತ ಒಂದು ಸದ್ದು, ಸಣ್ಣದು, ಉಸಿರು ಬಿಡದೆ ಬರುವಂಥದ್ದು. ಹೋದ ವಾರ ಮಗುವಿಗೆ ನೆಗಡಿ ಆಗಿತ್ತಲ್ಲ, ಈಗ ಎದೆಗೇ ಇಳಿಯಿತು ಅಂದುಕೊಂಡು ಎದ್ದು ಕೂತೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ನೀನು ಹೇಗಿದ್ದೀಯ ಹೇಳು. ಸೊಂಟನೋವು ಕಡಿಮೆಯಾಯಿತಾ? ಬ್ಯಾಂಡಿನವರ ಬಸ್ಸಿನ ಸೀಟಿನಲ್ಲೇ ಮಲಗಿಕೊಂಡು, ಬೇರೆಯವರ ಗಿಟಾರಿಗೆ ತಂತಿ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಡ್ರಮ್ಮಿನ ಹತ್ತಿರ ನಿಲ್ಲುವಾಗ ಕಿವಿಗೆ ಹತ್ತಿ ಇಟ್ಟುಕೋ. ಕಾರ್ಯಕ್ರಮ ಮುಗಿದು ಸಾಮಾನೆಲ್ಲ ಲಾರಿಗೆ ತುಂಬುವ ತನಕ ನೀನು ಫೋನ್ ಎತ್ತುವುದಿಲ್ಲ, ಬಸ್ಸು ಹತ್ತಿದ ಮೇಲೆ ಮಾತ್ರ ನೋಡುತ್ತೀಯ. ಅದಕ್ಕೇ ಬರೆದು, ಪುಟಗಳ ಫೋಟೊ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ಕಾಗೆ ಕಾಲಿನಂತಿದ್ದರೆ ಬೈಯಬೇಡ.

ಮಗು ಚೆನ್ನಾಗಿದೆ. ಎದೆಗೆ ಕಿವಿಯಿಟ್ಟು ಕೇಳಿದೆ, ಉಸಿರು ತಿಳಿನೀರಿನ ಹಾಗಿದೆ. ಮತ್ತೆ ಸದ್ದು ಎಲ್ಲಿಂದ? ಗೋಡೆಯ ಆಚೆಯಿಂದ, ನಮ್ಮ ಕೆಲಸದ ಕೋಣೆಯಿಂದ. ಹೋಗಿ ನೋಡಿದರೆ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿದೆ, ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ, ನಾವು ಮಾಡಿ ಮಾರುವ ಹೊಸ ಪೆಡಲ್ ಡಬ್ಬಿಯೊಂದು ಚಾಲೂ ಇದೆ, ಪರೀಕ್ಷೆಯ ಗಿಟಾರು ಅದಕ್ಕೆ ಜೋಡಿಸಿಕೊಂಡು ಗೋಡೆಗೊರಗಿದೆ. ಸಂಜೆ ನಿನ್ನ ಸೊಸೆ ಅಲ್ಲಿಗೆ ಅಂಬೆಗಾಲಿಟ್ಟು ಹೋಗಿದ್ದಳು. ತಿರುಗುವುದೇನು ಕಂಡರೂ ತಿರುಗಿಸುವ ವಯಸ್ಸು ನೋಡು, ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಟ್ಟಿದ್ದಾಳೆ. ಆಗ ಬೀದಿಯ ಗಲಾಟೆಯಲ್ಲಿ ಯಾರಿಗೂ ಕೇಳಿಸಿಲ್ಲ. ನಾನು ಗುಂಡಿಯನ್ನು ಸೊನ್ನೆಗೆ ತಂದೆ, ಸದ್ದು ನಿಂತಿತು. ಮೇಲಕ್ಕೆ ತಿರುಗಿಸಿದೆ, ಸ್ಸ್ಸ್ ಅಂತ ಬಂತು. ಪ್ಯಾಕಾಗಿದ್ದ ಪೆಟ್ಟಿಗೆಗಳಲ್ಲಿ ಕೈಗೆ ಸಿಕ್ಕಿದವನ್ನೆಲ್ಲ ತೆಗೆದು ಜೋಡಿಸಿ ನೋಡಿದೆ. ಎಲ್ಲದರದ್ದೂ ಅದೇ ಕತೆ.

ಮುಚ್ಚಳ ಬಿಚ್ಚಿದರೆ, ನೀನು ಹೊರಡುವ ಮುಂಚೆ ಆರಿಸಿಟ್ಟ, ಸದ್ದು ಹಿಗ್ಗಿಸುವ ಆ ಆಪ್-ಆಂಪ್ ಚಿಪ್ಪು ಒಳಗಿಲ್ಲ, ಬೇರೊಂದಿದೆ. ನಿನ್ನದು ಕಡಿಮೆ ಕುಡಿಯುವ ಜಾತಿಯದು, ಒಂದು ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡುತ್ತಿತ್ತು. ಗಿಟಾರಿನ ತಂತಿಗಳ ಕೆಳಗಿರುವ ಸಾವಿರಾರು ಸುತ್ತಿನ ತಾಮ್ರದ ಸುರುಳಿ ಎದುರಿಗಿದ್ದರೂ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಬಿಡಿಭಾಗದ ಅಂಗಡಿಯವನು ಅದು ಮುಗಿದಿದೆ, ಬರುವುದಕ್ಕೆ ವಾರಗಳೇ ಬೇಕು ಅಂದು ಇವರಿಗೆ ಬೇರೊಂದನ್ನು ಕೊಟ್ಟು ಕಳಿಸಿದನಂತೆ. ಆ ಮನುಷ್ಯನನ್ನು ನೆನೆಸಿಕೊಂಡರೇ ನನಗೆ ಅಸಹ್ಯವಾಗುತ್ತದೆ. ಬಿಸ್ಕತ್ತು ತಿಂದ ತಟ್ಟೆಯಲ್ಲೇ ಚಿಪ್ಪು ಹರಡಿ, ಮೇಲೆ ಬಿದ್ದ ಪುಡಿಯನ್ನು ಉಫ್ ಅಂತ ಊದಿ, ಅದೇ ಎಂಜಲು ಬೆರಳಲ್ಲಿ ಎತ್ತಿ, "ತಾಯೀ, ಇದಕ್ಕಿಂತ ನಿಶ್ಶಬ್ದದ ಮಾಲು ಜಗತ್ತಿನಲ್ಲೇ ಇಲ್ಲ, ವಿವರಪತ್ರದ ಮೊದಲ ಪುಟ ನೋಡಿ" ಅನ್ನುತ್ತಾನೆ. ಮೊದಲ ಪುಟ ಸುಳ್ಳು ಹೇಳುವುದಿಲ್ಲ, ಅದೇ ತಮಾಷೆ. ಚಿಪ್ಪಿನ ಸ್ವಂತ ಸದ್ದು ನಿಜಕ್ಕೂ ಕಡಿಮೆ. ಆದರೆ ಎದುರಿಗಿರುವ ಸುರುಳಿಯೊಳಕ್ಕೆ ಅದು ಸಣ್ಣಗೆ ಕರೆಂಟಿನ ಗಜಿಬಿಜಿ ತಳ್ಳುತ್ತಿರುತ್ತದೆ, ಸುರುಳಿ ಅದನ್ನು ಹಿಗ್ಗಿಸಿ ಹಿಸ್ಸೆನ್ನಿಸುತ್ತದೆ. ಆ ಮಾತಿರುವುದು ಒಳಗಿನ ಪುಟದ ಗ್ರಾಫಿನಲ್ಲಿ. ಮೇಲಿಂದ ಬ್ಯಾಟರಿಯನ್ನು ಹೀರುವುದೂ ನಾಲ್ಕು ಪಟ್ಟು. ಗುಂಡಿ ಸೊನ್ನೆಯಲ್ಲಿದ್ದರೆ ಗಿಟಾರಿನ ಬಾಯಿ ನೆಲಕ್ಕೆ, ಅಂದರೆ ಅರ್ಥಿಂಗಿಗೆ, ಕಟ್ಟಿದಂತೆ, ಸುರುಳಿಯೇ ಇಲ್ಲದ ಹಾಗೆ. ಎಂಥ ಕಳ್ಳ ಚಿಪ್ಪೂ ಆಗ ಸಾಧುವೇ.

ನೀನು ಮಾಡಿದ ನಿಯಮ ನನಗೆ ಬಾಯಿಪಾಠ. ಪ್ರತಿ ಪೆಡಲಿಗೂ ಗಿಟಾರು ಜೋಡಿಸಬೇಕು, ಗುಂಡಿ ಪೂರ್ತಿ ಮೇಲಿರಬೇಕು, ಏನೂ ಬಾರಿಸದೆ ಸುಮ್ಮನೆ ಕೂತು ಕೇಳಬೇಕು, ಆಮೇಲೇ, ಕೇಳಿ ನೋಡಿದ್ದೇವೆ ಅನ್ನುವ ಗುರುತಿಗೆ, ನಮ್ಮ ಅಪ್ಪ ಬರೆದ ಆ ಕಿವಿಯ ಚಿತ್ರದ ಸ್ಟಿಕ್ಕರ್. ಹೋದ ಪತ್ರದಲ್ಲಿ ನಾನು ಏನು ಬರೆದಿದ್ದೆ, ನೆನಪಿದೆಯಾ? ಮಗು ಮಲಗಿರುತ್ತದೆ ಅಂತ ಇವರು ಗುಂಡಿಯನ್ನು ಸೊನ್ನೆಯಲ್ಲಿಟ್ಟುಕೊಂಡೇ ಪೆಡಲ್ ಪರೀಕ್ಷೆ ಮಾಡುತ್ತಾರೆ, ಎಂಥ ಮೃದು ಮನಸ್ಸು ನೋಡು ಅಂತ. ಅದನ್ನು ಅಳಿಸಿ ಹಾಕು, ದಯವಿಟ್ಟು.

ಯಾಕೆಂದರೆ ನಿನ್ನ ಪಾಲುದಾರನನ್ನು (ಇವತ್ತಿನ ಮಟ್ಟಿಗೆ ಹೀಗೇ ಕರೆಯುತ್ತೇನೆ, ಗಂಡ ಅನ್ನುವುದಕ್ಕೆ ಬಾಯಿ ಬರುತ್ತಿಲ್ಲ) ಎಬ್ಬಿಸಿದೆ. ಪಾಪ, ಗೊತ್ತಿಲ್ಲದೆ ಮಾಡಿದ ತಪ್ಪು, ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಅಂತ ಮೆಲ್ಲಗೆ ಹೇಳಿದೆ. ಕಣ್ಣು ಕೂಡ ಬಿಡದೆ, "ಗೊತ್ತು ಕಣೇ, ಆವತ್ತೇ ಗೊತ್ತಾಯ್ತು" ಅಂದರು. ಮೊದಲೆರಡು ದಿನ ನಿಜವಾಗಿಯೂ ಮಗುವಿಗೋಸ್ಕರ ಸೊನ್ನೆಯಲ್ಲಿಟ್ಟಿದ್ದಂತೆ. ಮೂರನೇ ದಿನ ಗುಂಡಿಗೆ ಕೈ ತಗುಲಿ ಸದ್ದು ಕೇಳಿಸಿತಂತೆ. ಅಷ್ಟರಲ್ಲಿ ಅರ್ಧ ಸರಕು ತಯಾರಾಗಿತ್ತಲ್ಲ, ಮತ್ತೆ ಸೊನ್ನೆಗೆ ತಿರುಗಿಸಿ ಉಳಿದದ್ದನ್ನೂ ಮುಗಿಸಿದರಂತೆ. "ವೇದಿಕೆ ಮೇಲೆ ಡ್ರಮ್ ಬಡೀವಾಗ ಯಾರಿಗೆ ಕೇಳುತ್ತೆ ಬಿಡು. ಸ್ಟಿಕ್ಕರೂ ಅಂಟಿಸಿ ಆಯ್ತು" ಅಂದು ಮಗ್ಗುಲು ಬದಲಿಸಿದರು. ಈಗ ಗೊರಕೆ. ಅದೂ ಒಂದು ಸದ್ದೇ, ಅದಕ್ಕೆ ಯಾವ ಚಿಪ್ಪು ಹಾಕುವುದೋ.

ತಪ್ಪು ಮಾಡುವುದು ಬೇರೆ. ನನ್ನ ಮಗುವಿನ ನಿದ್ದೆಯನ್ನು ಮುಂದಿಟ್ಟುಕೊಂಡು ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದು ಬೇರೆ. ಇಡೀ ವಾರ ನಾನು ತುದಿಗಾಲಲ್ಲಿ ಓಡಾಡಿ, "ಶ್, ಅಪ್ಪ ನಿನಗೋಸ್ಕರ ಎಷ್ಟು ಮೆಲ್ಲಗೆ ಕೆಲಸ ಮಾಡ್ತಿದ್ದಾರೆ ನೋಡು" ಅಂತ ಅವಳಿಗೆ ಹೇಳುತ್ತಿದ್ದೆ. ಥೂ! ನೆನೆದರೆ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ. ರಾತ್ರಿ ಮನೆಯಲ್ಲಿ ಒಬ್ಬಳೇ ಕೂತು ಮೆಲ್ಲಗೆ ನುಡಿಸುವ ಯಾವಳೋ ಹುಡುಗಿ ಇರುತ್ತಾಳಲ್ಲ, ಅಪ್ಪನ ಕಿವಿಯ ಗುರುತು ನೋಡಿ ಕೊಂಡುಕೊಂಡವಳು, ಅವಳಿಗೆ ಡ್ರಮ್ಮು ಎಲ್ಲಿಂದ ಬರಬೇಕು? ತನ್ನ ಗಿಟಾರೇ ಕೆಟ್ಟಿದೆ ಅಂದುಕೊಳ್ಳುತ್ತಾಳೆ.

ಬೆಳಿಗ್ಗೆ ಏಳಕ್ಕೆ ಈ ಪೆಟ್ಟಿಗೆಗಳನ್ನು ಒಯ್ಯಲು ಸಾಗಣೆಯ ವ್ಯಾನು ಬರುತ್ತದೆ. ಕಳಿಸಬೇಡಿ ಅಂತ ನಾನು ಹೇಳಿದರೆ ಅದು ಪಿರಿಪಿರಿ, ನೀನು ಹೇಳಿದರೆ ಅದು ಮಾತು. ಈ ಮನೆಯ ಲೆಕ್ಕ ನಿನಗೆ ಗೊತ್ತೇ ಇದೆ. ಪೆಡಲ್ ತರಿಸಿಕೊಳ್ಳುವ ಅಂಗಡಿಯವರಿಗೆ ತಡವಾಗುತ್ತದೆ ಅಂತ ಹೇಳಿದರೆ ಬೈಯುತ್ತಾರೆ, ಬೈಯಲಿ. ಸರಿಯಾದ ಚಿಪ್ಪು ಬರುವ ತನಕ ಕಾಯೋಣ.

ನಿನ್ನ ಸೊಸೆ ನಿದ್ದೆಯಲ್ಲೇ ಮಾವನಿಗೆ ಕೈ ಬೀಸುತ್ತಿದ್ದಾಳೆ ಅಂದುಕೋ. ಬಸ್ಸಿನ ಡ್ರೈವರಣ್ಣನಿಗೆ ನಿಧಾನವಾಗಿ ಓಡಿಸಲು ಹೇಳು. ಹತ್ತಿ ಮರೆಯಬೇಡ.

ನಿನ್ನ ತಂಗಿ,
ಪಿರಿಪಿರಿ

ತಾ.ಕ.: ಒಂದು ಮಾತು ಬರೆಯಲಿಲ್ಲ. ನೀನು ಚಿಪ್ಪುಗಳನ್ನು ಬೆಸೆಯದೆ ಸಾಕೆಟ್ಟಿನಲ್ಲಿ ಕೂರಿಸುವ ಪದ್ಧತಿ ಇಟ್ಟಿದ್ದು ಎಷ್ಟು ಒಳ್ಳೆಯದಾಯಿತು. ಇದನ್ನು ಬರೆಯುವ ಮುಂಚೆ ಒಂದೊಂದೇ ಪೆಡಲ್ ಬಿಚ್ಚಿ, ಚಿಮಟದಲ್ಲಿ ಎಲ್ಲ ಚಿಪ್ಪುಗಳನ್ನೂ ಕಿತ್ತು, ಮುಚ್ಚಳ ಬಿಗಿದು, ಮೊದಲಿದ್ದ ಹಾಗೆಯೇ ಪ್ಯಾಕ್ ಮಾಡಿಟ್ಟಿದ್ದೇನೆ. ಚಿಪ್ಪುಗಳು ಮಗುವಿನ ಕೊಳೆ ಲಂಗೋಟಿಗಳ ಬಕೆಟ್ಟಿನ ತಳದಲ್ಲಿವೆ. ಈ ಮನೆಯಲ್ಲಿ ನಿನ್ನ ಪಾಲುದಾರ ಕೈ ಹಾಕದ ಜಾಗ ಅದೊಂದೇ. ಅವರಿಗೆ ಇನ್ನೂ ಗೊತ್ತಿಲ್ಲ. ಹೇಳಿದರೆ ವ್ಯಾನು ಬರುವಷ್ಟರಲ್ಲಿ ಆ ಬಿಡಿಭಾಗದವನನ್ನು ಎಬ್ಬಿಸಿ, ಅವನ ತಟ್ಟೆಯಿಂದ ಇನ್ನಷ್ಟು ತಂದು ತುರುಕುತ್ತಾರೆ, ಹೇಳದಿದ್ದರೆ ಅಪ್ಪನ ಕಿವಿ ಅಂಟಿಸಿಕೊಂಡ ಸತ್ತ ಡಬ್ಬಿಗಳು ಏಳಕ್ಕೆ ಹೊರಡುತ್ತವೆ. ಎರಡನ್ನೂ ತಡೆಯುವುದು ನಿನ್ನಿಂದ ಮಾತ್ರ ಸಾಧ್ಯ. ಬಸ್ಸು ಹತ್ತಿದ ತಕ್ಷಣ ಅವರ ಫೋನಿಗೆ ಮಾಡು, ಅಣ್ಣಾ. ಎತ್ತದಿದ್ದರೆ ನನಗೆ ಮಾಡು, ನಾನು ಅವರ ಕಿವಿಗೆ ಹಿಡಿಯುತ್ತೇನೆ. ಮಗು ಏಳುತ್ತದೆ ಅಂತ ಯೋಚಿಸಬೇಡ, ಏಳಲಿ. ಬೆಳಗಾಗುವ ಮುಂಚೆ ಮಾಡು.